ಪಟ್ಟಿ ಖಾಲಿ ಇರಬಾರದು

ಶ್ವಾಸಕೋಶದಂಥ ಹಟಮಾರಿ ಅಂಗ ಮನುಷ್ಯನ ಮೈಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹೃದಯವೂ ಬಡಿದುಕೊಳ್ಳುತ್ತದೆ, ನಿಜ. ಆದರೆ ಇದ್ದಲ್ಲೇ ಬಡಿದುಕೊಳ್ಳುತ್ತದೆ. ಶ್ವಾಸಕೋಶ ಹಾಗಲ್ಲ. ಕೂತರೆ ಒಂದು ರೀತಿ ಏರುತ್ತದೆ, ಮಲಗಿದರೆ ಇನ್ನೊಂದು ರೀತಿ, ಯಾರಾದರೂ ಬೈದರೆ ಮತ್ತೊಂದು ರೀತಿ. ಅದರೊಳಗೆ ಕಡಲೆಕಾಳಿನಷ್ಟು ಕ್ಯಾನ್ಸರ್ ಗಂಟು ಹುಟ್ಟಿಕೊಂಡರೆ ಆ ಗಂಟೂ ಜೊತೆಯಲ್ಲೇ ಮೇಲೆ ಕೆಳಗೆ ತೂಗಾಡುತ್ತಿರುತ್ತದೆ. ಅದನ್ನು ಸುಡಬೇಕು, ಪಕ್ಕದ ರಕ್ತನಾಳದ ಕೂದಲೂ ಕೊಂಕಬಾರದು. ಇದೇ ನನ್ನ ಹೊಟ್ಟೆಪಾಡು.

ಗಂಟು ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಯುವುದು ಹಳೆಯ ದಾರಿ. ಈಗಲೂ ಅದು ಒಳ್ಳೆಯ ದಾರಿಯೇ. ಆದರೆ ಎದೆ ಬಿಚ್ಚಿಸಿಕೊಂಡು ಚೇತರಿಸಿಕೊಳ್ಳುವ ತಾಕತ್ತು ಎಲ್ಲರ ಶ್ವಾಸಕೋಶಕ್ಕೂ ಇರುವುದಿಲ್ಲ. ಅಂಥವರಿಗಾಗಿ ಕಾವಿನ ಚಿಕಿತ್ಸೆ ಬಂತು. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ, ಅದರ ತುದಿಯನ್ನು ಗಂಟಿನೊಳಗೆ ನಿಲ್ಲಿಸಿ, ಮೈಕ್ರೋವೇವ್ ಹರಿಸಿ, ಗಂಟನ್ನು ಇದ್ದಲ್ಲೇ ಬೇಯಿಸಿಬಿಡುವುದು. ಅರವತ್ತು ಡಿಗ್ರಿ ದಾಟಿದರೆ ಜೀವಕೋಶ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಸತ್ತುಹೋಗುತ್ತದೆ. ತೊಂದರೆ ಏನೆಂದರೆ, ಚುಚ್ಚಿದ ತೂತಿನಿಂದ ಗಾಳಿ ಸೋರಿ ಕೆಲವರ ಶ್ವಾಸಕೋಶ ಸೈಕಲ್ ಟ್ಯೂಬಿನಂತೆ ಕುಸಿಯುತ್ತಿತ್ತು. ಜೊತೆಗೆ, ಸುಡುವಾಗ ಉಸಿರು ಹಿಡಿದುಕೊಳ್ಳಿ ಎನ್ನಬೇಕಿತ್ತು. ಹಿಡಿದುಕೊಳ್ಳುವಷ್ಟು ಉಸಿರು ಇರುವವರು ನಮ್ಮ ಹತ್ತಿರ ಯಾಕೆ ಬರುತ್ತಾರೆ?

ಉಸಿರನ್ನು ನಿಲ್ಲಿಸುವ ಬದಲು ಉಸಿರನ್ನೇ ಕಲಿತುಬಿಟ್ಟರೆ ಹೇಗೆ ಎಂದು ಯಾರಿಗೋ ಹೊಳೆಯಿತು. ನಮ್ಮ ಯಂತ್ರ ಹುಟ್ಟಿದ್ದು ಹಾಗೆ.

ರೋಗಿ ಹದಿನೈದು ದಿನ ಎದೆಗೊಂದು ಪಟ್ಟಿ ಕಟ್ಟಿಕೊಂಡಿರುತ್ತಾರೆ. ಪಕ್ಕೆಲುಬಿನ ಪ್ರತಿಯೊಂದು ಏರಿಳಿತವನ್ನೂ ಪಟ್ಟಿ ಬರೆದುಕೊಳ್ಳುತ್ತದೆ. ಅದನ್ನೂ ಸ್ಕ್ಯಾನಿನ ಚಿತ್ರವನ್ನೂ ಸೇರಿಸಿ ಯಂತ್ರ ಆ ವ್ಯಕ್ತಿಯದೇ ಒಂದು ನೆರಳು ಶ್ವಾಸಕೋಶ ಕಟ್ಟುತ್ತದೆ. ಇನ್ನೊಂದು ಕ್ಷಣಕ್ಕೆ ಗಂಟು ಎಲ್ಲಿರುತ್ತದೆ ಎಂದು ಈ ನೆರಳು ಮೊದಲೇ ಹೇಳುತ್ತದೆ. ಆಮೇಲೆ ಮೂಗಿನ ಮೂಲಕ ಶ್ವಾಸನಾಳದೊಳಗೆ ಒಂದು ತೆಳ್ಳನೆಯ ತಂತಿ ಇಳಿಸುತ್ತೇವೆ. ನಾವದನ್ನು ಕಾವುಕಡ್ಡಿ ಎನ್ನುತ್ತೇವೆ. ಚುಚ್ಚುವುದಿಲ್ಲ, ತೂತು ಮಾಡುವುದಿಲ್ಲ, ಗಾಳಿ ಹೋಗುವ ದಾರಿಯಲ್ಲೇ ಹೋಗುತ್ತದೆ. ನೆರಳೂ ನಿಜವೂ ಒಂದರ ಮೇಲೊಂದು ಕೂತಾಗ ಮಾತ್ರ ಕಡ್ಡಿ ಕಾವು ಬಿಡುತ್ತದೆ. ಕೂರದಿದ್ದರೆ ಸುಮ್ಮನಿರುತ್ತದೆ. ಅರಿವಳಿಕೆ ಕೊಟ್ಟರೆ ಉಸಿರಿನ ಸ್ವಭಾವವೇ ಬದಲಾಗುವುದರಿಂದ ರೋಗಿ ಎಚ್ಚರವಾಗಿಯೇ ಇರಬೇಕು. ಗಂಟಲನ್ನು ಮಾತ್ರ ಮರಗಟ್ಟಿಸುತ್ತೇವೆ.

ನನ್ನ ಹೆಸರು ಕಾತ್ಯಾಯಿನಿ. ಓದಿದ್ದು ಭೌತಶಾಸ್ತ್ರ, ಮಾಡುವುದು ಉಸಿರು ಓದುವ ಕೆಲಸ. ಯಂತ್ರ ಒಂದು ದೊಡ್ಡ ಬಸ್ಸಿನೊಳಗೆ ಕೂತು ಊರೂರು ಸುತ್ತುತ್ತದೆ. ಅದರ ಜೊತೆ ನಾನೂ ಡಾಕ್ಟರ್ ರುದ್ರಮುನಿಯವರೂ ಸುತ್ತುತ್ತೇವೆ. ಅವರು ಕಡ್ಡಿ ಇಳಿಸುವವರು, ನಾನು ಪರದೆ ನೋಡುವವಳು. ಅವರಿಗೆ ತಾಳ್ಮೆ ಜಾಸ್ತಿ. ನನಗೆ ಇಲ್ಲವೆಂದು ಬಸ್ಸಿನ ಡ್ರೈವರಿಗೂ ಗೊತ್ತು.

ಆ ಸಲ ಬಸ್ಸು ದಾವಣಗೆರೆಯಲ್ಲಿ ನಿಂತಿತ್ತು. ಮಂಡಕ್ಕಿ ಭಟ್ಟಿಗಳಲ್ಲಿ ದುಡಿದವರನ್ನೆಲ್ಲ ಸಾಲಾಗಿ ಸ್ಕ್ಯಾನ್ ಮಾಡಿದ್ದರಿಂದ ಹಾಲವ್ವನ ಗಂಟು ಸಿಕ್ಕಿತು. ಸಿಕ್ಕಿದ್ದು ಪುಣ್ಯ, ಏಕೆಂದರೆ ಅವಳಿಗೆ ನೋವೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಕೆಮ್ಮು ಇತ್ತು, ಆದರೆ ಆ ಓಣಿಯಲ್ಲಿ ಕೆಮ್ಮನ್ನು ಯಾರೂ ರೋಗದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲವ್ವ ಮೂವತ್ತು ವರ್ಷ ಭಟ್ಟಿಯ ಹೊಗೆಯಲ್ಲಿ ಕಳೆದವಳು. ಆಪರೇಷನ್ ಆಗಲಿ ವಿಕಿರಣವಾಗಲಿ ಆ ಶ್ವಾಸಕೋಶ ತಡೆಯುವುದಿಲ್ಲ ಎಂದು ದೊಡ್ಡಾಸ್ಪತ್ರೆಯವರು ಕೈ ಚೆಲ್ಲಿ ನಮ್ಮ ಹತ್ತಿರ ಕಳಿಸಿದ್ದರು.

ನಮಗೂ ಅವಕಾಶ ಬಹಳ ಇರಲಿಲ್ಲ. ಗಂಟು ಒಂದು ರಕ್ತನಾಳಕ್ಕೆ ಒರಗಿಕೊಂಡು ಕೂತಿತ್ತು. ಹರಿಯುವ ರಕ್ತ ಕಾವನ್ನು ಕದ್ದೊಯ್ಯುತ್ತದೆ, ಗಾಳಿಗಿಟ್ಟ ಒಲೆಯ ಮೇಲಿನ ಪಾತ್ರೆ ಒಂದು ಬದಿ ಬೇಯದೆ ಉಳಿಯುವಂತೆ. ಗಂಟು ಈಗಿನಷ್ಟೇ ಇದ್ದರೆ ಅಂಚಿನವರೆಗೂ ಬೇಯಿಸಬಹುದು. ಇನ್ನಷ್ಟು ಬೆಳೆದರೆ ನಾಳದ ಕಡೆಯ ಅಂಚು ಹಸಿಯಾಗೇ ಉಳಿದು ಮತ್ತೆ ಚಿಗುರುತ್ತದೆ. ದಾವಣಗೆರೆ ಮುಗಿಸಿ ಹೊರಟರೆ ಬಸ್ಸು ಮರಳುವುದು ದೀಪಾವಳಿ ಕಳೆದ ಮೇಲೆ. ಅಷ್ಟು ಕಾಯುವ ಧೈರ್ಯ ಡಾಕ್ಟರಿಗಿರಲಿಲ್ಲ.

ಪಟ್ಟಿ ಕಟ್ಟಲು ನಾನೇ ಅವರ ಮನೆಗೆ ಹೋದೆ. ಎರಡು ಬಾಗಿಲು, ಒಂದೇ ಅಡುಗೆಮನೆ. ಅಣ್ಣತಮ್ಮಂದಿರಿಬ್ಬರ ಸಂಸಾರ. ಅಣ್ಣನ ಹೆಂಡತಿ ಹಾಲವ್ವ, ತಮ್ಮನ ಹೆಂಡತಿ ದುಗ್ಗಮ್ಮ. ನೆಗೆಣ್ಣಿಯರೆಂದರೆ ಹಾವು ಮುಂಗುಸಿ ಎಂದುಕೊಂಡಿದ್ದವಳು ನಾನು. ಇವರೂ ಜಗಳವಾಡುತ್ತಿದ್ದರು, ಆದರೆ ಒಬ್ಬಳ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಇಬ್ಬರನ್ನೂ ಏಕವಚನದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲ ಚಹಾ ಮುಗಿಯುವಷ್ಟರಲ್ಲಿ ಅವರು ನನ್ನನ್ನು ಏಕವಚನಕ್ಕೆ ಇಳಿಸಿಯಾಗಿತ್ತು.

“ಬಾರವ್ವ, ಕೂತ್ಕ. ಇದೇನಿದು, ಡೊಳ್ಳಿನ ಪಟ್ಟಿ ಇದ್ದಂಗೈತೆ?” ಎಂದು ಹಾಲವ್ವ ನಕ್ಕಳು. ಅವಳ ನಗು ಅರ್ಧ ದಾರಿಯಲ್ಲಿ ಕೆಮ್ಮಾಗುತ್ತಿತ್ತು. ದುಗ್ಗಮ್ಮ ನೋಡದೆಯೇ ಕೈ ಚಾಚಿ ಅವಳ ಬೆನ್ನು ಉಜ್ಜಿದಳು.

“ಹದಿನೈದು ದಿನ ಕಟ್ಟಿಕೊಂಡಿರಬೇಕು. ಹಗಲೂ ರಾತ್ರಿ. ಒಂದು ಗಳಿಗೆಯೂ ಪಟ್ಟಿ ಖಾಲಿ ಇರಬಾರದು.”

“ಖಾಲಿ ಇದ್ರೆ ಏನಾಗುತ್ತೆ?”

“ಯಂತ್ರ ತಪ್ಪು ಕಲಿಯುತ್ತೆ. ತಪ್ಪು ಕಲಿತರೆ ನಿಮ್ಮ ಗಂಟು ಸುಡಕ್ಕೆ ಆಗಲ್ಲ. ಅಷ್ಟೇ.”

ಇಷ್ಟು ಖಾರವಾಗಿ ಹೇಳಲು ಕಾರಣವಿತ್ತು. ಹಿಂದಿನ ಊರಿನಲ್ಲೊಬ್ಬ ಮಹಾಶಯ ಪಟ್ಟಿಯನ್ನು ಬಿಚ್ಚಿ ಅಂಗಿಯ ಜೊತೆ ಗೂಟಕ್ಕೆ ನೇತುಹಾಕಿ ಮದುವೆಗೆ ಹೋಗಿದ್ದ.

ದುಗ್ಗಮ್ಮ ತಲೆಯಾಡಿಸಿದಳು. “ತಿಳೀತು ಬಿಡವ್ವ. ಬಾಣ್ಲಿ ಇದ್ದಂಗೆ. ಒಲಿ ಮ್ಯಾಲೆ ಐತೆ ಅಂದ್ರೆ ಬಿಟ್ಟು ಹೋಗಂಗಿಲ್ಲ.”

ಅವಳು ಹೇಳಿದ್ದು ಭಟ್ಟಿಯ ದೊಡ್ಡ ಬಾಣಲೆಯ ಮಾತು. ಅದರಲ್ಲಿ ಮರಳು ಕೆಂಡದಂತೆ ಕಾದಿರುತ್ತದೆ. ಅಕ್ಕಿ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಂಡಕ್ಕಿಯಾಗುತ್ತದೆ, ಇನ್ನೊಂದು ಮಿಟುಕಿಗೆ ಕರಕಲಾಗುತ್ತದೆ. ಬಾಣಲೆಯ ಮುಂದೆ ದುಗ್ಗಮ್ಮ, ಎದುರಿಗೆ ಜರಡಿ ಹಿಡಿದು ಹಾಲವ್ವ. ಅಕ್ಕಿ ಅರಳಿತೆಂದರೆ ದುಗ್ಗಮ್ಮ “ಬಂತೂ” ಎಂದು ಕೂಗಿ ಎತ್ತಿ ಹಾಕಬೇಕು. ಹಾಲವ್ವ ಜರಡಿಯಲ್ಲಿ ಹಿಡಿದು, ದುಗ್ಗಮ್ಮ “ಹೋತೂ” ಎಂದಾಗ ಮರಳು ಉದುರಿಸಬೇಕು. ಒಬ್ಬಳಿಗೆ ಕೈ ಬಿಡುವಿಲ್ಲವಾದರೆ ಇನ್ನೊಬ್ಬಳು ಆ ಜಾಗದಲ್ಲಿ ನಿಲ್ಲುತ್ತಾಳೆ. ಪಾಳಿ ಯಾರ ಹೆಸರಲ್ಲಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬಾಣಲೆಯ ಮುಂದೆ ಆಳು ಇರಬೇಕು, ಅಷ್ಟೇ ಮುಖ್ಯ. ಇದನ್ನೆಲ್ಲ ಚಹಾ ಕುಡಿಯುತ್ತ ಅವರೇ ನನಗೆ ಹೇಳಿದ್ದರು. ನಾನು ಕೇಳಿಸಿಕೊಂಡೆ, ಮಂಡಕ್ಕಿ ತಿಂದೆ, ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರು ಎಂದು ಬೀಗುತ್ತ ಬಂದೆ.

ಮಾರನೆಯ ದಿನದಿಂದ ಪಟ್ಟಿಯ ಬರಹ ಬಸ್ಸಿನ ಪರದೆಗೆ ಬರತೊಡಗಿತು. ಒಂದೇ ಒಂದು ಬಿರುಕಿಲ್ಲ! ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಅಚ್ಚುಕಟ್ಟಾದ ರೋಗಿಯನ್ನು ಕಂಡಿರಲಿಲ್ಲ. ಸ್ನಾನದ ಹೊತ್ತಿಗೂ ಪಟ್ಟಿ ಖಾಲಿ ಇಲ್ಲ. ನೀರು ತಾಗಿದರೂ ಕೆಡದ ಪಟ್ಟಿಯಾದ್ದರಿಂದ ನಾನು ಅದನ್ನು ಸಹಜವೆಂದೇ ತಿಳಿದೆ.

ವಿಚಿತ್ರವೊಂದಿತ್ತು. ಹಗಲು ಹಾಲವ್ವನ ಉಸಿರು ಏರುವಾಗ ಅರ್ಧಕ್ಕೆ ಬಂದು ಒಮ್ಮೆ ಮುಗ್ಗರಿಸುತ್ತಿತ್ತು. ಎಡವಿ, ಸಾವರಿಸಿಕೊಂಡು, ಆಮೇಲೆ ಮೇಲಕ್ಕೆ ಹೋಗುತ್ತಿತ್ತು. ರಾತ್ರಿ ಮಾತ್ರ ಆ ಮುಗ್ಗರಿಕೆ ಮಾಯ. ಏರಿದ್ದೂ ನಯ, ಇಳಿದದ್ದೂ ನಯ.

ಡಾಕ್ಟರ್ ರುದ್ರಮುನಿ ಕನ್ನಡಕ ಹಣೆಗೇರಿಸಿ ನೋಡಿದರು. “ಮಲಗಿದಾಗ ಕಫ ಜಾಸ್ತಿ ಆಗಬೇಕಲ್ಲ, ಕಾತ್ಯಾಯಿನಿ. ಕಡಿಮೆ ಹೆಂಗಾಯ್ತು?”

“ರಾತ್ರಿ ಹೊಗೆ ಇರಲ್ಲ ಸಾರ್. ಶ್ವಾಸಕೋಶಕ್ಕೆ ರಜ ಸಿಗುತ್ತೆ.”

“ಹಗಲೂ ಭಟ್ಟಿಗೆ ಹೋಗಬೇಡ ಅಂದಿದೀವಲ್ಲ? ಮನೇಲಿ ಕೂತು ಮಂಡಕ್ಕಿ ಕೇರಿ ಜರಡಿ ಹಿಡಿತಿದಾಳೆ ಅಷ್ಟೆ.”

“ಪಟ್ಟಿ ಸುಳ್ಳು ಹೇಳುತ್ತಾ ಸಾರ್?” ಎಂದೆ. ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. ನನ್ನ ಜೊತೆ ವಾದ ಮಾಡುವುದಕ್ಕಿಂತ ಸುಮ್ಮನಾಗುವುದು ಅವರ ಆರೋಗ್ಯಕ್ಕೆ ಒಳ್ಳೆಯದೆಂದು ಅವರು ಯಾವಾಗಲೋ ತೀರ್ಮಾನಿಸಿದ್ದರು.

ಸುಡುವ ದಿನ ಬಂತು. ಅದೇ ಸಂಜೆ ಬಸ್ಸು ಬಳ್ಳಾರಿಗೆ ಹೊರಡುವುದಿತ್ತು. ಹಾಲವ್ವ ಹೊಸ ಸೀರೆ ಉಟ್ಟು ಬಂದಿದ್ದಳು. ನಾವು ಆಸ್ಪತ್ರೆಯ ಅಂಗಿ ಕೊಟ್ಟಾಗ ಅವಳಿಗೆ ಆದ ಬೇಸರ ಗಂಟಿನ ವಿಷಯಕ್ಕೂ ಆಗಿರಲಿಲ್ಲ. ದುಗ್ಗಮ್ಮ ಬಸ್ಸಿನ ಮೆಟ್ಟಿಲಲ್ಲಿ ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. “ಒಳಗ್ ಬರ್ಲೇನವ್ವ?” ಎಂದು ಕೇಳಿದಳು. ಆಗುವುದಿಲ್ಲ ಎಂದು ಬಾಗಿಲು ಹಾಕಿದೆ.

ಹಾಲವ್ವನನ್ನು ಮಲಗಿಸಿದೆವು. ಕಾವುಕಡ್ಡಿ ಮೂಗಿನಿಂದ ಇಳಿದು, ಕವಲು ಕವಲು ದಾಟಿ, ಗಂಟಿನ ಬಾಗಿಲಿಗೆ ಹೋಗಿ ನಿಂತಿತು. ಡಾಕ್ಟರ ಕೈ ಬಹಳ ಹದ. ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು, ಅಷ್ಟೇ. ಮಂಚದ ಸುತ್ತ ತಿರುಗುವ ಎಕ್ಸ್-ರೇ ತೋಳು ಹಿಡಿದ ನಿಜವಾದ ಗಂಟು ಪರದೆಯ ಮೇಲೆ ಹಳದಿ ಚುಕ್ಕೆ, ನೆರಳಿನ ಗಂಟು ಹಸಿರು ಚುಕ್ಕೆ. ಹಸಿರು ಹಳದಿಯ ಮೇಲೆ ಕೂರಬೇಕು.

ಕೂರಲಿಲ್ಲ. ಹಳದಿ ಏರುವಾಗ ಹಸಿರು ಇಳಿಯುತ್ತಿತ್ತು. ಹಳದಿ ಮುಗ್ಗರಿಸಿದಾಗ ಹಸಿರು ನಯವಾಗಿ ಎಲ್ಲೋ ಹೋಗಿರುತ್ತಿತ್ತು. ಯಂತ್ರ ಕಾವು ಬಿಡದೆ ಸುಮ್ಮನೆ ಕೂತಿತು.

“ಏನಾಯ್ತು?” ಎಂದರು ಡಾಕ್ಟರ್.

“ಗೊತ್ತಿಲ್ಲ ಸಾರ್. ಇದು ಇವಳ ಉಸಿರೇ ಅಲ್ಲ ಅನ್ನೋ ಹಂಗೆ ಮಾಡ್ತಿದೆ.”

ಹಾಲವ್ವನಿಗೆ ಮಾತಾಡಲು ಆಗುತ್ತಿರಲಿಲ್ಲ, ಕಿವಿಯೇನೂ ಮುಚ್ಚಿರಲಿಲ್ಲ. ಅವಳ ಕಣ್ಣು ನನ್ನ ಮೇಲೆ ನಾಟಿತು. ನಿಧಾನವಾಗಿ ಕೈಯೆತ್ತಿ ಎದೆಯ ಪಟ್ಟಿಯನ್ನು ತಟ್ಟಿದಳು. ಆಮೇಲೆ ಅದೇ ಬೆರಳಿಂದ ಬಾಗಿಲು ತೋರಿಸಿದಳು. ಮತ್ತೆ ಪಟ್ಟಿ, ಮತ್ತೆ ಬಾಗಿಲು. ಬಾಗಿಲಾಚೆ ಇದ್ದವಳು ದುಗ್ಗಮ್ಮ ಒಬ್ಬಳೇ.

ನಾನು ಬಾಗಿಲು ತೆಗೆದು ಹೊರಗೆ ಬಂದೆ.

“ದುಗ್ಗಮ್ಮ, ನಿಜ ಹೇಳಿ. ಪಟ್ಟಿ ಯಾವಾಗಲಾದರೂ ಬಿಚ್ಚಿದ್ರಾ?”

“ಇಲ್ಲವ್ವ! ದೇವ್ರಾಣೆ ಒಂದ್ ಗಳಿಗೆ ಖಾಲಿ ಬಿಟ್ಟಿಲ್ಲ.” ಅವಳ ಮುಖದಲ್ಲಿ ಹೆಮ್ಮೆಯೇ ಇತ್ತು. “ಅಕ್ಕ ನೀರು ಹಾಕ್ಕಣಾಕೆ ಹೋದ್ರೆ ನಾನು ಕಟ್ಕಂತಿದ್ದೆ. ಕೆಮ್ಮು ಹತ್ತಿದಾಗ ಪಟ್ಟಿ ಒತ್ತುತ್ತೆ ಅಂತಿದ್ಲು, ಆಗ್ಲೂ ನಾನೇ. ರಾತ್ರಿ ಕಟ್ಕಂಡ್ರೆ ಅವ್ಳಿಗೆ ನಿದ್ದಿ ಬರಲ್ಲ, ರಾತ್ರಿ ಪಾಳಿ ಪೂರ್ತಿ ನಂದೇ.”

“ನಿಮ್ಮ ಉಸಿರು ಹಾಕಿದ್ರಾ? ಅವಳ ಯಂತ್ರಕ್ಕೆ?”

“ನೀನೇ ಅಂದಿದ್ಯಲ್ಲವ್ವ, ಪಟ್ಟಿ ಖಾಲಿ ಇರಬಾರ್ದು ಅಂತ?”

ಅಂದಿದ್ದೆ. ಸ್ಪಷ್ಟವಾಗಿ, ಖಾರವಾಗಿ ಅಂದಿದ್ದೆ. ಅದು ಹಾಲವ್ವನ ಮೈಮೇಲೇ ಇರಬೇಕೆಂದು ಹೇಳುವ ಅಗತ್ಯವಿದೆ ಎಂದು ನನಗೆ ತೋಚಿರಲಿಲ್ಲ. ಇಬ್ಬರ ಉಸಿರು ಸೇರಿಸಿ ಯಂತ್ರ ಒಂದು ಶ್ವಾಸಕೋಶ ಕಟ್ಟಿತ್ತು. ಅಂಥ ಶ್ವಾಸಕೋಶ ಜಗತ್ತಿನಲ್ಲಿ ಯಾರಿಗೂ ಇರಲಿಲ್ಲ.

ನನ್ನ ಮುಖ ನೋಡಿ ದುಗ್ಗಮ್ಮನಿಗೆ ಅರ್ಥವಾಯಿತು. ಚೀಲ ಕೆಳಗಿಟ್ಟಳು. “ಅಕ್ಕಂಗೆ ಏನಾದ್ರೂ ಆತಾ? ನನ್ನಿಂದ ಆತಾ? ಮೇಡಮ್ಮ, ಅವ್ಳಿಲ್ದೆ ನಾನು ಆ ಮನ್ಯಾಗೆ ಇರಾಕಾಗಲ್ಲ. ಗಂಡ ಮಕ್ಕಳು ಎಲ್ಲಾ ಅದಾರೆ, ಆದ್ರೂ ಆಗಲ್ಲ.” ಅವಳು ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಅದಕ್ಕೇ ನನಗೆ ತಡೆದುಕೊಳ್ಳುವುದು ಕಷ್ಟವಾಯಿತು.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಕಡ್ಡಿ ಹಿಡಿದ ಕೈ ಅಲ್ಲಾಡಿಸದೆ ಕೇಳಿದರು: “ಎರಡು ಉಸಿರು ಬೆರೆತಿದ್ದರೆ ಬಿಡಿಸಬಹುದಾ?”

ನನ್ನ ತಲೆ ಓಡತೊಡಗಿದ್ದು ಆಗಲೇ. ಯಂತ್ರಕ್ಕೆ ದುಗ್ಗಮ್ಮನ ಉಸಿರು ಯಾವುದೆಂದು ತೋರಿಸಿಕೊಟ್ಟರೆ ಅದು ಹದಿನೈದು ದಿನದ ಬರಹದಿಂದ ಅವಳದನ್ನೆಲ್ಲ ಹೆಕ್ಕಿ ಎಸೆಯಬಲ್ಲದು. ಉಳಿದದ್ದು ಹಾಲವ್ವನದು. ಬೇರೊಂದು ಪಟ್ಟಿ ತಂದು ಮೆಟ್ಟಿಲಲ್ಲೇ ದುಗ್ಗಮ್ಮನಿಗೆ ಕಟ್ಟಿದೆ. “ಉಸಿರಾಡಿ,” ಎಂದೆ.

“ಅದನ್ನೇ ಮಾಡಾಕತ್ತಿರದು ಹುಟ್ಟಿದಾಗ್ಲಿಂದ,” ಎಂದಳು ಆ ಸ್ಥಿತಿಯಲ್ಲೂ.

ಯಂತ್ರ ಹೆಕ್ಕಿತು. ರಾತ್ರಿಗಳೆಲ್ಲ ಹೋದವು, ಸ್ನಾನದ ಹೊತ್ತುಗಳು ಹೋದವು. ಬರಹದಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ತೂತು. ಆದರೆ ಉಳಿದ ತುಂಡುಗಳಲ್ಲೆಲ್ಲ ಆ ಮುಗ್ಗರಿಕೆ ಇತ್ತು. ಹಾಲವ್ವ ಸಿಕ್ಕಿದಳು!

ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಹೊಸ ನೆರಳು ಕಟ್ಟಿ ನೋಡಿದರೆ ಹಸಿರು ಚುಕ್ಕೆ ಹತ್ತಿರ ಬಂದಿತ್ತು, ಮೇಲೆ ಕೂರಲಿಲ್ಲ. ಯಾಕೆಂದು ನಾನು ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದಾಗ ಡಾಕ್ಟರ್ ಹೇಳಿದರು: “ರಾತ್ರಿ ಪೂರ್ತಿ ಆಯಮ್ಮಂದು ಅಂದ್ರೆ, ಹಾಲವ್ವ ಮಲಗಿದ ಉಸಿರು ನಮ್ಮ ಹತ್ರ ಇಲ್ವೇ ಇಲ್ಲ. ಇರೋದೆಲ್ಲ ಕೂತಿದ್ದು. ನಾವು ಇವಳನ್ನ ಮಲಗಿಸಿದೀವಿ.”

ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಹೊಟ್ಟೆ ಉರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಕಡ್ಡಿಯನ್ನು ಸ್ವಲ್ಪ ಹಿಂದೆಳೆದು, ಮಂಚದ ಬೆನ್ನನ್ನು ಇಂಚಿಂಚೇ ಎತ್ತಿ, ಹಾಲವ್ವನನ್ನು ಕೂರಿಸಿದೆವು. ಎಕ್ಸ್-ರೇ ತೋಳು ತಿರುಗಿ ಅವಳ ಬೆನ್ನಿನ ಹಿಂದೆ ಬಂತು. ಕಡ್ಡಿ ಮತ್ತೆ ತನ್ನ ಜಾಗಕ್ಕೆ ಹೋಯಿತು.

ಹಸಿರು ಚುಕ್ಕೆ ಹಳದಿಯ ಅಂಚು ಮುಟ್ಟಿ ಜಾರಿತು. ಮತ್ತೆ ಮುಟ್ಟಿತು, ಮತ್ತೆ ಜಾರಿತು.

“ಹೆದರಿದಾಳೆ,” ಎಂದರು ಡಾಕ್ಟರ್. “ಮನೇಲಿ ಕೂತಾಗಿನ ಉಸಿರಲ್ಲ ಇದು.”

ನಾನು ಹಾಲವ್ವನ ಹಗಲಿನ ಬರಹವನ್ನು ಇನ್ನೊಮ್ಮೆ ತೆಗೆದೆ. ಅದಕ್ಕೊಂದು ಲಯವಿತ್ತು. ಎಳೆದು, ಒಂದಿಷ್ಟು ತಡೆದು, ಒಮ್ಮೆಗೇ ಬಿಡುವುದು. ಮತ್ತೆ ಎಳೆದು, ತಡೆದು, ಬಿಡುವುದು. ಮನೆಯಲ್ಲಿ ಕೂತು ಜರಡಿ ಹಿಡಿಯುವಾಗಲೂ ಅವಳು ಭಟ್ಟಿಯ ಹಾಗೇ, ಬಂತೂ ಎಂದರೆ ಎಳೆದು ಹೋತೂ ಎಂದರೆ ಬಿಟ್ಟು, ಉಸಿರಾಡುತ್ತಿದ್ದಳು. ಎದುರಿಗೆ ದುಗ್ಗಮ್ಮ ಇದ್ದೇ ಇರುತ್ತಿದ್ದಳಲ್ಲ!

“ಸಾರ್, ದುಗ್ಗಮ್ಮನ್ನ ಒಳಗೆ ಕರೀಲಾ?”

ಅವರು ನನ್ನನ್ನು ನೋಡಿದರು. ನಿಯಮದ ಪ್ರಕಾರ ಆಗುವುದಿಲ್ಲ ಎಂದು ಅವರ ಬಾಯಿಗೆ ಬಂದಿತ್ತು. “ಸೀಸದ ಅಂಗಿ ಹಾಕಿಸಿ,” ಎಂದರು.

ಎಕ್ಸ್-ರೇ ತಾಗದಿರಲು ಹಾಕುವ ಆ ಅಂಗಿ ಒಂದು ಮೂಟೆಯಷ್ಟು ಭಾರ. ದುಗ್ಗಮ್ಮ ಅದನ್ನು ಹೊತ್ತುಕೊಂಡು, “ಇದನ್ನ ಹಾಕ್ಕಂಡು ಯಾವ ಯುದ್ಧಕ್ಕೆ ಹೋಗ್ಬೇಕು ನಾನು?” ಎನ್ನುತ್ತ ಹಾಲವ್ವನ ಎದುರು ಸ್ಟೂಲಿನ ಮೇಲೆ ಕೂತಳು. ಮೂಗಿನಲ್ಲಿ ತಂತಿಯಿದ್ದ ಅಕ್ಕನನ್ನು ನೋಡಿ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

“ಭಟ್ಟಿ ಮುಂದೆ ಕೂತಂಗೆ ಕೂಗಿ,” ಎಂದೆ. “ನೀವು ಬಾಣಲೆ, ಅವಳು ಜರಡಿ.”

ದುಗ್ಗಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಸೆರಗು ಸೀಸದ ಅಂಗಿಯೊಳಗೆ ಸಿಕ್ಕಿದ್ದರಿಂದ ಅಂಗಿಗೇ ಒರೆಸಿಕೊಂಡಳು.

“ಬಂತೂ...”

ಹಾಲವ್ವನ ಎದೆ ಏರಿತು. ಅರ್ಧ ದಾರಿಯಲ್ಲಿ ಮುಗ್ಗರಿಸಿತು. ಹಸಿರು ಚುಕ್ಕೆಯೂ ಅಲ್ಲೇ, ಅದೇ ಜಾಗದಲ್ಲಿ ಮುಗ್ಗರಿಸಿತು. ಎರಡೂ ಒಟ್ಟಿಗೆ ಮೇಲೆ ಹೋಗಿ ಒಂದರ ಮೇಲೊಂದು ಕೂತವು.

ಯಂತ್ರ ಮೊದಲ ಸಲ ಸದ್ದು ಮಾಡಿತು. ಕಾವು ಹೊರಟಿತ್ತು.

“ಹೋತೂ...”

ಉಸಿರು ಹೊರಬಿತ್ತು. ಚುಕ್ಕೆಗಳು ಒಟ್ಟಿಗೇ ಇಳಿದವು. ಹಾಲವ್ವನ ಬೆರಳುಗಳು ತಮಗೆ ತಾವೇ ಜರಡಿಯ ಅಂಚು ಹಿಡಿದ ಹಾಗೆ ಮಡಚಿಕೊಂಡಿದ್ದವು. ಅವಳ ಕಣ್ಣಿಂದ ಹೆದರಿಕೆ ಹೋಗಿತ್ತು. ಕೆಲಸದಲ್ಲಿರುವ ಹೆಂಗಸಿನ ಕಣ್ಣು ಅದು.

“ಬಂತೂ... ಹೋತೂ... ನೋಡು ಅಕ್ಕ, ನೀನು ಮೂಗ್ನಾಗೆ ತಂತಿ ಹಾಕ್ಕಂಡು ಚೆಂದ ಕಾಣ್ತೀಯ... ಬಂತೂ...”

“ನಗಿಸಬೇಡಿ!” ಎಂದು ನಾನು ಚೀರಿದೆ. “ಬರೀ ಬಂತು ಹೋತು ಸಾಕು!”

ಕಾವು ಹನಿಹನಿಯಾಗಿ ಗಂಟಿನೊಳಗೆ ಸೇರುತ್ತಿತ್ತು. ಶ್ವಾಸಕೋಶದಲ್ಲಿ ಗಾಳಿ ತುಂಬಿರುವುದರಿಂದ ಕಾವು ಸುತ್ತಲಿಗೆ ಬೇಗ ಹರಡುವುದಿಲ್ಲ, ಒಳಗೇ ಕೂಡಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ಈ ಹಟಮಾರಿ ಅಂಗ ನಮಗೆ ಉಪಕಾರಿ. ರಕ್ತನಾಳದ ಕಡೆಯ ಅಂಚೇ ಕೊನೆಗೆ ಉಳಿದದ್ದು. ರಕ್ತ ಕಾವನ್ನು ಕದಿಯುತ್ತಲೇ ಇತ್ತು, ನಾವು ಕೊಡುತ್ತಲೇ ಇದ್ದೆವು. ಅಲ್ಲಿ ಒಂದು ಚುಕ್ಕೆ ಜಾರಿದರೂ ನಾಳಕ್ಕೆ ಪೆಟ್ಟು. ಡಾಕ್ಟರ ಹಣೆಯಿಂದ ಬೆವರು ಕನ್ನಡಕಕ್ಕೆ ಇಳಿಯಿತು. ನಾನು ಒರೆಸಿದೆ. ದುಗ್ಗಮ್ಮನ ಧ್ವನಿ ಒಡೆಯತೊಡಗಿತ್ತು, ಕೂಗು ಮಾತ್ರ ತಪ್ಪಲಿಲ್ಲ. ಅಂಚಿನ ಕಾವು ಅರವತ್ತು ದಾಟಿತು.

ಡಾಕ್ಟರ್ ಕೈ ಎತ್ತಿದರು. ಹೊಸ ಚಿತ್ರ ಪರದೆಗೆ ಬಂತು. ಗಂಟಿನ ಸುತ್ತ, ಯಾವ ಕಡೆಯೂ ಬಿಡದೆ, ನಸುಬೂದು ಬಣ್ಣದ ಬಳೆಯೊಂದು ಮೂಡಿತ್ತು. ಕಾವು ಗಂಟನ್ನು ದಾಟಿ ಆಚೆ ಹೋಗಿದೆ, ಹಸಿ ಉಳಿದಿಲ್ಲ ಎಂಬುದಕ್ಕೆ ಆ ಬಳೆಯೇ ಗುರುತು. ನಾಳದ ಕಡೆಯೂ ಬಳೆ ಪೂರ್ತಿ ಇತ್ತು. ಎರಡು ಸಲ ದೊಡ್ಡದು ಮಾಡಿ ನೋಡಿದೆ. ಮೂರನೆಯ ಸಲ ನೋಡಲು ಕಣ್ಣು ಮಂಜಾಗಿತ್ತು.

“ಆಯ್ತು ಹಾಲವ್ವ,” ಎಂದರು ಡಾಕ್ಟರ್, ಕಡ್ಡಿ ಹೊರಗೆಳೆಯುತ್ತ. “ಸುಟ್ಟಾಯ್ತು.”

ಹಾಲವ್ವನಿಗೆ ಇನ್ನೂ ಗಂಟಲು ಬಂದಿರಲಿಲ್ಲ. ಅವಳು ಕೈ ಚಾಚಿ ದುಗ್ಗಮ್ಮನ ಕೆನ್ನೆಗೆ ಮೆತ್ತಗೆ ಒಂದು ಏಟು ಹಾಕಿದಳು. ರಾತ್ರಿ ಪಾಳಿ ಮಾಡಿದ್ದಕ್ಕಿರಬೇಕು. ದುಗ್ಗಮ್ಮ ಆಗ ಅತ್ತಳು, ಸೀಸದ ಅಂಗಿ ಸಮೇತ ಅಲುಗಾಡುವಂತೆ ಅತ್ತಳು. ಬಸ್ಸಿನ ಮೆಟ್ಟಿಲಲ್ಲಿ ಕೂತು ನಾನೂ ಡಾಕ್ಟರೂ ಅವಳ ಚೀಲದ ಮಂಡಕ್ಕಿಯನ್ನು ಒಣದಾಗಿಯೇ ಮುಕ್ಕಿದೆವು. ಅಂಥ ರುಚಿಯಾದ ಊಟ ನಾನು ಇತ್ತೀಚೆಗೆ ಮಾಡಿಲ್ಲ.

ದೀಪಾವಳಿ ಕಳೆದು ಬಸ್ಸು ಮತ್ತೆ ದಾವಣಗೆರೆಗೆ ಬಂತು. ಸ್ಕ್ಯಾನಿನಲ್ಲಿ ಗಂಟಿದ್ದ ಜಾಗದಲ್ಲಿ ಒಂದು ಸುಕ್ಕುಗಟ್ಟಿದ ಗಾಯದ ಗುರುತು ಬಿಟ್ಟರೆ ಏನೂ ಇರಲಿಲ್ಲ. ನಾಳದ ಕಡೆಯೂ ಏನೂ ಚಿಗುರಿರಲಿಲ್ಲ. ವರ್ಷ ವರ್ಷ ನೋಡುತ್ತಿರಬೇಕು ಎಂದು ಡಾಕ್ಟರ್ ಎಚ್ಚರಿಕೆ ಹೇಳುವ ಶಾಸ್ತ್ರ ಮುಗಿಸಿ, ಮುಗುಳ್ನಕ್ಕು, “ಚೆನ್ನಾಗಿದೆ,” ಎಂದರು. ಅವರ ಬಾಯಲ್ಲಿ ಆ ಮಾತು ಬರುವುದು ಅಪರೂಪ.

ದುಗ್ಗಮ್ಮನನ್ನೂ ಸ್ಕ್ಯಾನಿಗೆ ಎಳೆತಂದವಳು ನಾನೇ. ಅದೇ ಹೊಗೆ, ಅದೇ ಮೂವತ್ತು ವರ್ಷ. ಅವಳ ರಿಪೋರ್ಟು ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಅವಳದೂ ಶುಭ್ರವಾಗಿತ್ತು. ಆದರೂ ಮುಂದೆ ಹೋಲಿಸಿ ನೋಡಲು ಬೇಕೆಂದು ಹದಿನೈದು ದಿನ ಪಟ್ಟಿ ಕಟ್ಟಿಕೊಳ್ಳಲು ಹೇಳಿದೆ. ಈ ಸಲ ಮಾತು ಬದಲಿಸಿದ್ದೆ.

“ಪಟ್ಟಿ ಖಾಲಿ ಇದ್ದರೂ ಪರವಾಗಿಲ್ಲ. ಬೇರೆಯವರ ಉಸಿರು ಮಾತ್ರ ಬೇಡ. ತಿಳೀತಾ?”

“ಹ್ಞೂಂ ಅಂದ್ನಲ್ಲವ್ವ. ಎಷ್ಟ್ ಸಲ ಹೇಳ್ತೀಯ?”

ಹದಿನೈದು ದಿನದ ಮೇಲೆ ಪಟ್ಟಿ ತರಲು ಹೋದಾಗ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಭಟ್ಟಿಗೆ ಈಗ ಎತ್ತರದ ಚಿಮಣಿ ಬಂದಿದೆ. ಇಬ್ಬರೂ ಹೊಗೆ ಬಿಟ್ಟು ಮಂಡಕ್ಕಿ ಚೀಲ ತುಂಬುವ ಕೋಣೆಗೆ ಬದಲಾಗಿದ್ದಾರೆ. ಹಾಲವ್ವ ಒಂದು ಸುತ್ತು ದಪ್ಪಗಾಗಿದ್ದಳು. ಮಂಡಕ್ಕಿಗೆ ಈರುಳ್ಳಿ ಖಾರ ಕಲಸಿ ತಟ್ಟೆಯನ್ನು ನನ್ನ ಮುಂದಿಟ್ಟು, ಮೆಣಸಿನಕಾಯಿ ಬಜ್ಜಿಯನ್ನೂ ಇಟ್ಟು, ನಾನು ಬಾಯಿ ತುಂಬಿಕೊಳ್ಳುವವರೆಗೆ ಕಾದು, ಹೇಳಿದಳು:

“ಒಂದಿನ ದುಗ್ಗಿ ಪಟ್ಟಿ ನಾನು ಕಟ್ಕಂಡಿದ್ದೆ.”

ನನಗೆ ಖಾರ ನೆತ್ತಿಗೇರಿತು. “ಏನು?”

“ಬೆಳಗ್ನಿಂದ ಬೈಗಿನ ಮಟ. ಅವ್ಳು ನನಗೆ ಅಷ್ಟು ಪಾಳಿ ಮಾಡಿದ್ಲಲ್ಲ, ನಾನು ಒಂದಾದ್ರೂ ಮಾಡ್ಬ್ಯಾಡ್ವಾ? ಯಾವ ದಿನ ಅಂತ ಮಾತ್ರ ಹೇಳಲ್ಲ. ನಿನ್ನ ಯಂತ್ರ ಭಾರಿ ಜಾಣ ಅಂತೀಯಲ್ಲ, ಹಿಡಿ ನೋಡಾನ.”

ದುಗ್ಗಮ್ಮ ಬೇಡ ಎಂದಿದ್ದಳಂತೆ, ಹಾಲವ್ವ ಕೇಳಲಿಲ್ಲವಂತೆ. ನಾನು ಇಬ್ಬರಿಗೂ ಬಾಯಿಗೆ ಬಂದಂತೆ ಬೈದು, ಉಳಿದ ಬಜ್ಜಿ ಕಾಗದದಲ್ಲಿ ಕಟ್ಟಿಸಿಕೊಂಡು, ಬಸ್ಸಿಗೆ ವಾಪಸು ಬಂದೆ. ಹಿಡಿಯುವುದೇನು ಮಹಾ? ಹಾಲವ್ವನ ಉಸಿರನ್ನು ನಾನು ಕಣ್ಣು ಕಟ್ಟಿದರೂ ಗುರುತಿಸಬಲ್ಲೆ. ಏರುವಾಗ ಅರ್ಧಕ್ಕೆ ಆ ಮುಗ್ಗರಿಕೆ. ಯಾವ ದಿನ ಅದು ಕಾಣುತ್ತದೋ ಆ ದಿನ ಅವಳದು.

ಪರದೆಯ ಮುಂದೆ ಕೂತು ಮೊದಲ ದಿನದಿಂದ ಶುರು ಮಾಡಿದೆ. ಉಸಿರು ಏರಿತು, ಇಳಿಯಿತು. ನಯವಾಗಿ ಏರಿತು, ನಯವಾಗಿ ಇಳಿಯಿತು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಕೊನೆಯವರೆಗೂ ಹೋದೆ. ನಂಬಿಕೆ ಬರದೆ ಯಂತ್ರಕ್ಕೇ ಹುಡುಕಲು ಹೇಳಿದೆ. ಅದು ತಿರುವಿ ತಿರುವಿ ನೋಡಿ, ಮುಗ್ಗರಿಸಿದ ಉಸಿರು ಒಂದೂ ಇಲ್ಲ ಎಂದಿತು.

ಡಾಕ್ಟರ್ ರುದ್ರಮುನಿ ಬಂದು ಹಿಂದೆ ನಿಂತರು, ಬಜ್ಜಿಗೆ ಕೈ ಹಾಕಿದರು. “ಸಿಕ್ಕಿತಾ?”

“ಇಲ್ಲ ಸಾರ್.”

“ಪಟ್ಟಿ ಸುಳ್ಳು ಹೇಳುತ್ತಾ?” ಎಂದರು ಅವರು, ಬಹಳ ದಿನದಿಂದ ಕಾದಿಟ್ಟುಕೊಂಡವರ ಹಾಗೆ.

ಸಿಟ್ಟು ಬರಬೇಕಿತ್ತು. ಹದಿನೈದು ದಿನದ ಬರಹ ಕೆಟ್ಟುಹೋಗಿತ್ತು, ಎಲ್ಲ ಮತ್ತೆ ಮೊದಲಿನಿಂದ ಮಾಡಬೇಕಿತ್ತು. ಆದರೂ ಸಿಟ್ಟು ಬರಲಿಲ್ಲ. ಫೋನ್ ತೆಗೆದು ಹಾಲವ್ವನಿಗೆ ಮಾಡಿದೆ.

“ಹಾಲವ್ವ, ಸೋತೆ. ನೀವು ಎಲ್ಲೂ ಸಿಗಲಿಲ್ಲ. ನಿಮ್ಮ ಉಸಿರು ಈಗ ಎಡವೋದೇ ಇಲ್ಲ.”

ಆ ಕಡೆಯಿಂದ ಅವಳು ನಕ್ಕಳು. ಕೆಮ್ಮು ಬರುತ್ತದೆಂದು ನಾನು ಅಭ್ಯಾಸಬಲದಿಂದ ಫೋನನ್ನು ಕಿವಿಯಿಂದ ದೂರ ಹಿಡಿದೆ. ಬರಲಿಲ್ಲ. ಅವಳು ಇನ್ನೂ ನಗುತ್ತಿದ್ದಳು.